ಹೃದಯದ ಹಬ್ಬದಲ್ಲಿ ಹೃದಯಕ್ಕೇ ಎಲೆ ಹಾಕಿಲ್ಲ

ಫೆಬ್ರುವರಿ 14ರ ರಾತ್ರಿಗೆ ಜೋಡಿ ಊಟದ ಪ್ಯಾಕೇಜ್ ಮಾಡುವ ಬೆಂಗಳೂರಿನ ಹೋಟೆಲ್ ಮಾಲೀಕರೇ, ಅಡುಗೆಮನೆಯ ಬಾಣಸಿಗರೇ,

ಸಂಕ್ರಾಂತಿಯ ಎಳ್ಳುಬೆಲ್ಲದ ಡಬ್ಬಿ ಇನ್ನೂ ಖಾಲಿಯಾಗಿರುವುದಿಲ್ಲ, ಅಷ್ಟರಲ್ಲೇ ನಿಮ್ಮ ಜಾಹೀರಾತು ಮೊಬೈಲಿಗೆ ಬಂದು ಬೀಳುತ್ತದೆ. ಇಬ್ಬರಿಗೆ ಸೇರಿ ಇಂತಿಷ್ಟು ರೂಪಾಯಿ. ಅದರಲ್ಲಿ ಕ್ಯಾಂಡಲ್ಲು, ಗುಲಾಬಿ, ವೆಲ್‌ಕಮ್ ಡ್ರಿಂಕ್, ನಾಲ್ಕೈದು ಸುತ್ತಿನ ಊಟ, ಹೃದಯದ ಆಕಾರದ ಕೇಕು, ಹೊರಡುವಾಗ ಕೈಗೊಂದು ಚಾಕೊಲೇಟ್ ಡಬ್ಬಿ.

ಆ ದಿನವನ್ನು ಬೈಯಲಿಕ್ಕೆ ನಾನು ಈ ಪತ್ರ ಬರೆಯುತ್ತಿಲ್ಲ. ಅದು ನಮ್ಮದಲ್ಲ, ಹೊರಗಿನದು ಎಂದು ವರ್ಷವರ್ಷವೂ ಎದ್ದು ನಿಲ್ಲುವವರ ಸಾಲಿನಲ್ಲಿ ನಾನಿಲ್ಲ. ಮಕ್ಕಳ ಫೀಸು, ಮನೆ ಸಾಲ, ಅತ್ತೆಯ ಮೊಣಕಾಲು ನೋವು, ಇವುಗಳ ನಡುವೆ ಗಂಡ ಹೆಂಡತಿ ಎದುರುಬದುರು ಕೂತು ನೆಮ್ಮದಿಯಾಗಿ ಉಣ್ಣುವ ರಾತ್ರಿಗಳು ಎಷ್ಟು ಸಿಕ್ಕಾವು? ಅದಕ್ಕೊಂದು ನೆಪ ಎಲ್ಲಿಂದ ಬಂದರೂ ನನಗೆ ಬೇಕು. ನಾವಿಬ್ಬರೂ ಆ ದಿನ ಹೊರಗೆ ಹೋಗುವವರೇ, ಮುಂದೆಯೂ ಹೋಗುವವರೇ. ನನ್ನ ತಕರಾರು ಇರುವುದು ತಟ್ಟೆಯ ಬಗ್ಗೆ.

ನಿಮ್ಮ ಬಲೂನಿನಲ್ಲಿ ಹೃದಯ, ಮಡಿಚಿಟ್ಟ ನ್ಯಾಪ್‌ಕಿನ್ನಿನಲ್ಲಿ ಹೃದಯ, ಕೇಕಿನ ಮೇಲೆ ಕ್ರೀಮಿನಲ್ಲಿ ಬರೆದ ಹೃದಯ. ಎದೆಯೊಳಗೆ ಬಡಿದುಕೊಳ್ಳುತ್ತಿರುವ ನಿಜವಾದ ಹೃದಯಕ್ಕೆ ಹಿತವಾದ ಒಂದು ಪದಾರ್ಥವನ್ನು ಮಾತ್ರ ಆ ಪಟ್ಟಿಯಲ್ಲಿ ಹುಡುಕಿ ತೆಗೆಯಬೇಕು. ಹೃದಯದ ಚಿಂತೆ ಗೊತ್ತಿಲ್ಲದ ನಾಡೇನೂ ನಮ್ಮದಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೊರಟುಹೋದಾಗ ಇಡೀ ರಾಜ್ಯವೇ ತನ್ನ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡಿತು. ಆಮೇಲೆ ಸರ್ಕಾರ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ತಂದು, ಎದೆನೋವೆಂದು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ತುರ್ತು ಚಿಕಿತ್ಸೆ ಸಿಗುವಂತೆ ಮಾಡಿತು. 2025ರ ಜೂನ್, ಜುಲೈನಲ್ಲಿ ಹಾಸನದಿಂದ ಸಾಲುಸಾಲಾಗಿ ಹೃದಯಾಘಾತದ ಸಾವಿನ ಸುದ್ದಿ ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಇ.ಸಿ.ಜಿ. ಮಾಡಿಸಿಕೊಳ್ಳಲು ಜನ ಕಿಕ್ಕಿರಿದರು. ಆ ಸಾಲಿನಲ್ಲಿ ನಿಂತಿದ್ದವರೇ ನಿಮ್ಮ ಟೇಬಲುಗಳಲ್ಲೂ ಬಂದು ಕೂರುತ್ತಾರೆ. ಅವರು ಬೇರೆ ಊರಿನವರಲ್ಲ.

ಇನ್ನೊಂದು ಲೆಕ್ಕ ಹೇಳುತ್ತೇನೆ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್.-ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿ ದಾಟಿದ್ದಾರೆ, ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಹೆಚ್ಚು. 20 ವರ್ಷ ದಾಟಿದವರಲ್ಲಿ ನೂರಕ್ಕೆ 35 ಜನರಿಗೆ ಬಿ.ಪಿ. ಇದೆ. ನೀವು ಹಾಕುವುದು ಇಬ್ಬರು ಕೂರುವ ಟೇಬಲು. ಎರಡು ಕುರ್ಚಿಯಲ್ಲಿ ಒಂದು ಕುರ್ಚಿಯಾದರೂ ಇಂಥವರದಾಗಿರುವ ಟೇಬಲುಗಳು ನಿಮ್ಮ ಹಾಲಿನಲ್ಲಿ ಎಷ್ಟಿರಬಹುದು, ನೀವೇ ಅಂದಾಜು ಮಾಡಿ. ಪ್ರೇಮಿಗಳೆಂದರೆ ಇಪ್ಪತ್ತೆರಡು ವರ್ಷದವರು ಮಾತ್ರ ಎಂದು ನಿಮ್ಮ ಪೋಸ್ಟರಿನಲ್ಲಿ ಇರಬಹುದು. ದುಡ್ಡು ಕೊಟ್ಟು ಟೇಬಲ್ ಕಾದಿರಿಸುವವರಲ್ಲಿ ನಲವತ್ತು, ಐವತ್ತು ದಾಟಿದವರೂ ಬೇಕಾದಷ್ಟು ಮಂದಿ ಇದ್ದಾರೆ.

ನಮ್ಮನೆಯವರಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆದವು. ಈಗ ಊಟಕ್ಕೆ ಮುಂಚೆ ಇನ್ಸುಲಿನ್ ತಗೋತಾರೆ. ಚುಚ್ಚಿಕೊಂಡ ಹತ್ತು ಹದಿನೈದು ನಿಮಿಷಕ್ಕೆ ಊಟಕ್ಕೆ ಕೈ ಹಾಕಬೇಕು, ಅಂಥ ಬಗೆಯ ಇನ್ಸುಲಿನ್ ಅದು. ಒಂದು ವರ್ಷ ಹೀಗೇ ಒಂದು ಪ್ಯಾಕೇಜಿಗೆ ಹೋಗಿದ್ದೆವು. ಸೂಪ್ ಮುಗಿಯಿತು, ಎರಡು ತುಂಡು ಪನೀರ್ ಬಂತು. ಬಡಿಸುವ ಹುಡುಗ, “ಮೇನ್ ಕೋರ್ಸ್ ಐದೇ ನಿಮಿಷ ಸರ್, ಬಂದೇಬಿಡ್ತು” ಅಂದ. ಅವನ ಮಾತು ನಂಬಿ ಇವರು ಮೇಜಿನ ಮರೆಯಲ್ಲಿ ಅಂಗಿಯ ತುದಿ ಎತ್ತಿ ಚುಚ್ಚಿಕೊಂಡರು. ಅಷ್ಟರಲ್ಲಿ ಮೈಕ್ ಹಿಡಿದವನೊಬ್ಬ ಬಂದು ಜೋಡಿಗಳಿಗೆ ಆಟ ಆಡಿಸಲು ಶುರುಮಾಡಿದ. ಆಟ ಮುಗಿಯುವವರೆಗೂ ಅಡುಗೆಮನೆಯಿಂದ ಏನೂ ಬರಲಿಲ್ಲ.

ನಾನು ಏನೋ ಕೇಳಿದೆ, ಉತ್ತರ ತಡವಾಗಿ ಬಂತು. ಎ.ಸಿ. ಹಾಲಿನಲ್ಲಿ ಅವರ ಮೇಲ್ದುಟಿಯ ಮೇಲೆ ಬೆವರು. ಕೈಯಲ್ಲಿದ್ದ ಫೋರ್ಕು ತಟ್ಟೆಯ ಅಂಚಿಗೆ ಟಕಟಕ ಬಡಿಯುತ್ತಿತ್ತು. “ಏನಿಲ್ಲ ಬಿಡೇ, ಊಟ ಬರಲಿ” ಅಂದರು. ಪಕ್ಕದ ಟೇಬಲಿನಲ್ಲಿ ಯಾರೋ “ಜಾಸ್ತಿಯಾಗಿದೆ ಕಣೋ ಅವರಿಗೆ” ಅಂದಿದ್ದು ಕೇಳಿಸಿತು. ಸಕ್ಕರೆ ಇಳಿದವರನ್ನು ನೋಡಿದರೆ ಕುಡಿದವರ ಹಾಗೇ ಕಾಣುತ್ತದೆ, ಅದು ಗೊತ್ತಿಲ್ಲದೆ ಎಷ್ಟೋ ಜನ ಎಡವುತ್ತಾರೆ. ಚಾಕೊಲೇಟ್ ಡಬ್ಬಿ ಪಕ್ಕದಲ್ಲೇ ಇತ್ತು. ಆದರೆ ಚಾಕೊಲೇಟಿನಲ್ಲಿರುವ ಕೊಬ್ಬು ಸಕ್ಕರೆಯನ್ನು ರಕ್ತಕ್ಕೆ ಬೇಗ ಸೇರಗೊಡುವುದಿಲ್ಲ. ಆ ಹೊತ್ತಿಗೆ ಬೇಕಾದ್ದು ಬರೀ ಸಕ್ಕರೆ ನೀರು. ಅವರು ಮುಟ್ಟದೆ ಸರಿಸಿಟ್ಟಿದ್ದ ಕೆಂಪು ವೆಲ್‌ಕಮ್ ಡ್ರಿಂಕನ್ನೇ ಎತ್ತಿ ಕುಡಿಸಿದೆ. ಕಾಲು ಗಂಟೆಯಲ್ಲಿ ಮುಖ ತಿಳಿಯಾಯಿತು, ಮಾತು ನೆಟ್ಟಗಾಯಿತು. ಊಟ ಆಮೇಲೂ ಎಷ್ಟೋ ಹೊತ್ತಿಗೆ ಬಂತು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟೂ ಟೇಬಲುಗಳನ್ನು ಓಡಾಡಿ ನೋಡಿಕೊಳ್ಳುತ್ತಿದ್ದವನು ಅವನು, ಅವನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಸಕ್ಕರೆಯ ಮೇಲೂ ಹಗೆಯಿಲ್ಲ. ಆವತ್ತು ಕೈಹಿಡಿದದ್ದು ಸಕ್ಕರೆಯೇ. ನಾನು ಹೇಳುವುದು ಇಷ್ಟೇ: ಆರೋಗ್ಯದ ಊಟವೆಂದರೆ ಪಟ್ಟಿಯಿಂದ ಎರಡು ಸಿಹಿ ಕಿತ್ತುಹಾಕುವುದಲ್ಲ. ಎಷ್ಟು ಹೊತ್ತಿಗೆ, ಎಷ್ಟು, ಯಾವುದರ ಹಿಂದೆ ಯಾವುದು, ಇಷ್ಟನ್ನೂ ಉಣ್ಣುವವರ ಕೈಗೆ ಬಿಡುವುದು. ಪ್ಯಾಕೇಜ್ ಎಂಬ ಪದ್ಧತಿ ಕಿತ್ತುಕೊಳ್ಳುವುದು ಅದನ್ನೇ.

ಬಾಳೆಎಲೆಯ ಊಟವನ್ನು ನೆನಪಿಸಿಕೊಳ್ಳಿ. ಬಡಿಸುವವರು “ಇನ್ನೊಂದು ಸ್ವಲ್ಪ” ಎಂದು ಒತ್ತಾಯ ಮಾಡುತ್ತಾರೆ ನಿಜ. ಆದರೆ ಉಣ್ಣುವವರು ಎಲೆಯ ಮೇಲೆ ಅಡ್ಡ ಕೈ ಹಿಡಿದು “ಸಾಕು” ಎಂದರೆ ಸೌಟು ನಿಲ್ಲುತ್ತದೆ. ಅನ್ನ ಬೇಡ, ಪಲ್ಯ ಇನ್ನಷ್ಟು ಹಾಕಿ ಎಂದರೆ ಬೀಳುತ್ತದೆ. ಹೋಳಿಗೆ ಅರ್ಧ ಸಾಕೆಂದರೆ ಅರ್ಧವೇ. ನಿಮ್ಮ ಪ್ಯಾಕೇಜಿನ ತಟ್ಟೆ ಅಡುಗೆಮನೆಯಲ್ಲೇ ತುಂಬಿಕೊಂಡು ಬರುತ್ತದೆ. ಅಲ್ಲಿ “ಸಾಕು” ಅನ್ನಲು ಜಾಗವೇ ಇಲ್ಲ. ದುಡ್ಡು ಕೊಟ್ಟಾಗಿದೆ, ಬಿಟ್ಟರೆ ದಂಡ, ತಿಂದರೆ ಸಂಕಟ. ಎದುರಿಗೆ ಕೂತ ಜೀವ “ಇವತ್ತೊಂದಿನ ತಿನ್ನಿ, ಏನಾಗಲ್ಲ” ಅನ್ನುತ್ತದೆ, ಅಥವಾ ಏನೂ ಅನ್ನದೆ ತನ್ನ ತಟ್ಟೆಯನ್ನೂ ಅರ್ಧಕ್ಕೆ ಬಿಡುತ್ತದೆ. ಎರಡರಲ್ಲೂ ಹಬ್ಬ ಕೆಡುತ್ತದೆ.

ಇವತ್ತೊಂದಿನ ಎಂಬ ಮಾತಿಗೂ ಉತ್ತರ ಕೊಡಬೇಕು. ಆರೋಗ್ಯವಾಗಿರುವ ಹುಡುಗ ಹುಡುಗಿಗೆ ಒಂದು ರಾತ್ರಿಯ ಕೇಕಿನಿಂದ ಏನೂ ಆಗುವುದಿಲ್ಲ, ಅವರು ಸಂತೋಷವಾಗಿ ತಿನ್ನಲಿ. ಆದರೆ ನಮ್ಮ ಕ್ಯಾಲೆಂಡರಿನಲ್ಲಿ ಇವತ್ತೊಂದಿನ ಎಂಬುದು ವರ್ಷಕ್ಕೆ ಒಂದೇ ಸಲ ಬರುವುದಿಲ್ಲ. ಸಂಕ್ರಾಂತಿ ಆಯಿತು, ಇದು ಮುಗಿದರೆ ಯುಗಾದಿಯ ಹೋಳಿಗೆ, ನಡುವೆ ಎರಡು ಗೃಹಪ್ರವೇಶ, ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಒಂದು ದಿನದ, ಒಂದು ಗಂಟೆಯ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.

ನಿಮ್ಮ ಪಟ್ಟಿಯಲ್ಲಿರುವುದನ್ನು ಒಮ್ಮೆ ಕೂಡಿಸಿ ನೋಡಿ. ದಿನಕ್ಕೆ 25 ಗ್ರಾಂ, ಅಂದರೆ ಆರು ಟೀ ಚಮಚದೊಳಗೆ ಸಕ್ಕರೆ ಮುಗಿಸಿದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಾಮೂಲಿ ಕೋಲಾ ಒಂದು ಲೋಟದಲ್ಲೇ, 300 ಎಂ.ಎಲ್. ಅಂದುಕೊಳ್ಳಿ, ಅದು ದಾಟಿಹೋಗುತ್ತದೆ. ಸಿರಪ್ಪು, ಸೋಡಾ ಬೆರೆಸಿದ ಸ್ವಾಗತದ ಪಾನಕ ಇದಕ್ಕೇನೂ ಕಡಿಮೆಯಿಲ್ಲ. ಹಾಲಿನ ಚಾಕೊಲೇಟಿನಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೆಯೇ. ಉಪ್ಪು ದಿನಕ್ಕೆ 5 ಗ್ರಾಂ, ಒಂದು ಟೀ ಚಮಚ. ಸೂಪು, ಮಂಚೂರಿ, ಸಾಸು, ಚೀಸು ಎಲ್ಲ ಒಂದೇ ರಾತ್ರಿ ಸೇರಿದರೆ ಬಿ.ಪಿ. ಇರುವವರ ಪಾಲಿನ ಉಪ್ಪು ಅಲ್ಲೇ ಮುಗಿದಿರುತ್ತದೆ.

ಕೆಂಪು ಬಣ್ಣದ ಮಾತೂ ಇದೆ. ಆ ದಿನ ಎಲ್ಲವೂ ಕೆಂಪಾಗಿರಬೇಕು ಎಂಬ ಹಟ ಏಕೆ? 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗೆ ರೋಡಮೈನ್-ಬಿ ಎಂಬ ಬಣ್ಣ ಬೆರೆಸುವುದನ್ನು ನಿಷೇಧಿಸಿತು, ಜೂನ್‌ನಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಲ್ಲಿಸಿತು. ಅದೇ ವರ್ಷ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತ ಎಂದು ಬಂತು. ಆಗ ಇಲಾಖೆ ಹೆಸರು ಹಿಡಿದು ಎಚ್ಚರಿಸಿದ್ದು ರೆಡ್ ವೆಲ್ವೆಟ್ ಮತ್ತು ಬ್ಲ್ಯಾಕ್ ಫಾರೆಸ್ಟ್ ಕೇಕುಗಳನ್ನು. 223 ಮಾದರಿಗಳು ಸರಿಯಾಗಿಯೇ ಇದ್ದವು ಎಂಬುದನ್ನೂ ಹೇಳಬೇಕು, ಬೇಕರಿಯವರೆಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಆದರೆ ನಿಮ್ಮ ಹೃದಯದ ಕೇಕು ಬರುವುದು ಯಾವ ಬೇಕರಿಯಿಂದ, ಬಣ್ಣ ಯಾವುದು ಎಂದು ಕೇಳಿದರೆ ಉತ್ತರ ಹೇಳುವವರು ಒಬ್ಬರಾದರೂ ಹಾಲಿನಲ್ಲಿ ಇರಬೇಕಲ್ಲವೇ? ಟೇಬಲಿನ ಮೇಲಿಡುವ ಗುಲಾಬಿಯನ್ನು ಕಡ್ಡಿಯ ಉದ್ದ ಅಳೆದು ದರ್ಜೆ ನೋಡಿ ಕೊಳ್ಳುತ್ತಾರೆ, ಹೆಬ್ಬಾಳದ ಹೂವಿನ ಹರಾಜಿನಲ್ಲಾಗಲಿ ಹೊಸೂರಿನ ತೋಟದಲ್ಲಾಗಲಿ ಅಳತೆಯಿಲ್ಲದೆ ಕೆಂಪು ಗುಲಾಬಿಗೆ ಬೆಲೆ ಕಟ್ಟುವುದಿಲ್ಲ. ನೋಡುವ ಹೂವಿಗೆ ಇರುವ ಆ ಜತನ ಹೊಟ್ಟೆಗೆ ಹೋಗುವ ಕೇಕಿಗೂ ಇರಲಿ ಎಂದು ಕೇಳುತ್ತಿದ್ದೇನೆ.

ನೀವು ಹೇಳಬಹುದು, ನಮ್ಮಲ್ಲಿ ಶುಗರ್ ಫ್ರೀ ಇದೆ, ಹೆಲ್ದಿ ಆಪ್ಷನ್ ಇದೆ ಎಂದು. ದಯವಿಟ್ಟು ಅದನ್ನು ಬಿಡಿ. ಶುಗರ್ ಫ್ರೀ ಎಂದು ಬರೆದ ಸಿಹಿಯಲ್ಲೂ ಮೈದಾ, ಖೋವಾ, ತುಪ್ಪ ಇದ್ದೇ ಇರುತ್ತವೆ. ಅದನ್ನು ನಂಬಿ ಎರಡು ತುಂಡು ಹೆಚ್ಚು ತಿಂದವರನ್ನು ನಾನು ಬಲ್ಲೆ. ತೂಕ ಇಳಿಸಲೆಂದು ಕೃತಕ ಸಿಹಿಕಾರಕಗಳ ಮೊರೆಹೋಗಬೇಡಿ ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಸಲಹೆ ಕೊಟ್ಟಿದೆ. ಇನ್ನು ಹೆಲ್ದಿ ಆಪ್ಷನ್ ಎಂದರೆ ಬೇಯಿಸಿದ ಬ್ರಕೋಲಿ, ಮೇಲೆರಡು ಕ್ಯಾರೆಟ್ ಬಿಲ್ಲೆ. ಉಪ್ಪು ಕಡಿಮೆ, ರುಚಿ ಅದಕ್ಕಿಂತ ಕಡಿಮೆ. ಒಬ್ಬರ ಮುಂದೆ ಘಮಘಮಿಸುವ ತಟ್ಟೆ, ಇನ್ನೊಬ್ಬರ ಮುಂದೆ ಆಸ್ಪತ್ರೆಯ ತಟ್ಟೆ. ಕಾಯಿಲೆಯವರನ್ನು ಹೀಗೆ ಬೇರೆ ಕೂರಿಸುವುದಕ್ಕಿಂತ ನೋವಿನ ಸಂಗತಿ ಆ ರಾತ್ರಿ ಇನ್ನೊಂದಿಲ್ಲ. ನಮಗೆ ಬೇಕಾಗಿರುವುದು ಇಬ್ಬರೂ ಕೂಡಿ ಉಣ್ಣುವ ಒಂದೇ ಅಡುಗೆ. ಒಂದೇ ಬಟ್ಟಲಿಗೆ ಇಬ್ಬರೂ ಚಮಚ ಹಾಕುವಂತಿರಬೇಕು.

ಅದು ಕಷ್ಟದ ಕೆಲಸವಲ್ಲ, ಫೆಬ್ರುವರಿಯಲ್ಲಂತೂ ಅಲ್ಲವೇ ಅಲ್ಲ. ಸೊಗಡವರೆಯ ಕಾಲ ಇನ್ನೂ ಪೂರ್ತಿ ಮುಗಿದಿರುವುದಿಲ್ಲ. ಹಿತಕಿದ ಬೇಳೆಯ ಸಾರಿಗಿಂತ ಹದವಾದ, ಪ್ರೋಟೀನು ನಾರು ಎರಡೂ ಇರುವ ಪದಾರ್ಥವನ್ನು ಯಾವ ವಿದೇಶಿ ಪಟ್ಟಿ ಕೊಡುತ್ತದೆ? ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಒಂದೊಂದಾಗಿ ಬೆರಳಲ್ಲಿ ಒತ್ತಿ ಸಿಪ್ಪೆ ಜಾರಿಸುವ ಕೆಲಸ ನಿಧಾನದ್ದು, ಕೈತುಂಬಾ ಮಮತೆ ಬೇಡುವಂಥದ್ದು. ಪ್ರೀತಿಯ ದಿನಕ್ಕೆ ಇದಕ್ಕಿಂತ ಒಪ್ಪುವ ಅಡುಗೆ ನನಗೆ ಹೊಳೆಯುವುದಿಲ್ಲ. ಸಣ್ಣ ಬಟ್ಟಲಲ್ಲಿ ಅದನ್ನು ಕೊಟ್ಟು ಪಕ್ಕಕ್ಕೆ ಪುಟ್ಟದೊಂದು ರಾಗಿ ರೊಟ್ಟಿ ಇಡಿ. ಮೀನು ತಿನ್ನುವವರಿಗೆ ಬಂಗುಡೆ ಪುಳಿಮುಂಚಿ ಮಾಡಿ. ಹೃದಯಕ್ಕೆ ಒಳ್ಳೆಯದೆಂದು ಡಾಕ್ಟರು ಹೇಳುವ ಒಮೇಗಾ-3 ಕೊಬ್ಬು ಅದರಲ್ಲಿ ಧಾರಾಳವಾಗಿದೆ, ದೂರದೇಶದಿಂದ ಸಾಲ್ಮನ್ ತರಿಸುವ ಖರ್ಚೂ ಉಳಿಯುತ್ತದೆ. ಹುರಿದ ಮೀನೇ ಬೇಕೆಂದವರಿಗೆ ಕರಿಯುವ ಬದಲು ಕಾವಲಿಯ ಮೇಲೆ ಸುಡಿ. ಸಬ್ಬಸಿಗೆ, ಮೆಂತ್ಯ, ಎಳೆ ಸೌತೆಯ ಕೋಸಂಬರಿ ಮೊದಲು ಬರಲಿ. ತರಕಾರಿ, ಬೇಳೆ ಮೊದಲು ತಿಂದು ಅನ್ನ, ರೊಟ್ಟಿ ಆಮೇಲೆ ತಿಂದರೆ ಊಟದ ನಂತರ ಸಕ್ಕರೆ ಏರುವುದು ತಗ್ಗುತ್ತದೆ. ನಮ್ಮ ಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸುತ್ತಾರಲ್ಲ, ಆ ಕ್ರಮವನ್ನೇ ಹಿಡಿದರಾಯಿತು.

ಚಾಕೊಲೇಟೂ ಇರಲಿ. ಹೃದಯದ ಆಕಾರದ ಚಾಕೊಲೇಟ್ ಡಬ್ಬಿಯನ್ನು ಇಂಗ್ಲೆಂಡಿನ ರಿಚರ್ಡ್ ಕ್ಯಾಡ್‌ಬರಿ 1860ರ ದಶಕದಲ್ಲಿ ಮಾರುಕಟ್ಟೆಗೆ ತಂದಾಗ, ತಿಂದು ಮುಗಿದ ಮೇಲೆ ಜನ ಆ ಡಬ್ಬಿಯಲ್ಲಿ ಪ್ರೇಮಪತ್ರ ಜೋಪಾನ ಮಾಡಿಡುತ್ತಿದ್ದರು. ಈಗ ಅಷ್ಟು ದೂರ ಹೋಗಬೇಕಿಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಮರಗಳ ನಡುವೆ ಕೋಕೋ ಬೆಳೆಯುತ್ತಾರೆ. ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ 1986ರಿಂದ ನಡೆಯುತ್ತಿದೆ. ಕೋಕೋ ಹೆಚ್ಚಿರುವ, ನೂರಕ್ಕೆ 70 ಭಾಗ ಮೀರಿದ ಕಪ್ಪು ಚಾಕೊಲೇಟಿನಲ್ಲಿ ಸಕ್ಕರೆಗೆ ಜಾಗ ಕಡಿಮೆ. ಡಬ್ಬಿ ತುಂಬ ಬೇಡ, ಊಟದ ಕೊನೆಗೆ ಇಬ್ಬರಿಗೂ ಒಂದೊಂದು ತುಣುಕು, ಜೊತೆಗೆ ಸೀಬೆಕಾಯಿಯ ನಾಲ್ಕು ಹೋಳು. ಕಹಿಯೂ ಸಿಹಿಯೂ ಕೂಡಿದ ಆ ತುಣುಕನ್ನು ಅಗಿಯದೆ ಬಾಯಲ್ಲಿ ಕರಗಿಸಿಕೊಂಡು ಕೂತರೆ ಎಷ್ಟೋ ಹೊತ್ತು ಮಾತು ಸಾಗುತ್ತದೆ.

ವೈನಿನ ವಿಷಯಕ್ಕೆ ಬಂದರೆ, ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಕುಡಿಯುವುದು ಬಿಡುವುದು ಅವರವರ ಇಷ್ಟ. ಆದರೆ ಬಂದವರಿಗೆ ಖಾಲಿ ಹೊಟ್ಟೆಯಲ್ಲೇ ಮೊದಲ ಗ್ಲಾಸು ಹಿಡಿಸುವ ಪದ್ಧತಿಯನ್ನು ನಿಲ್ಲಿಸಿ. ಇನ್ಸುಲಿನ್ನೋ, ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನೋ ತೆಗೆದುಕೊಳ್ಳುವವರು ಏನೂ ತಿನ್ನದೆ ಮದ್ಯ ಕುಡಿದರೆ ಸಕ್ಕರೆ ದಿಢೀರನೆ ಕುಸಿಯಬಹುದು. ಅಮಲಿಗೂ ಅದಕ್ಕೂ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಸಿರಪ್ಪಿನ ಪಾನಕದ ಬದಲು ಮಜ್ಜಿಗೆ, ಎಳನೀರು, ನಿಂಬೆ ಹಿಂಡಿದ ಸೋಡಾ, ಕೇಳಿದವರಿಗೆ ಮಾತ್ರ ಸಕ್ಕರೆ, ಹೀಗೆ ಮಾಡಬಹುದು. ಗಾಜಿನ ಲೋಟದಲ್ಲಿ ಕರಿಬೇವು, ಶುಂಠಿ ಹಾಕಿದ ತೆಳು ಮಜ್ಜಿಗೆ ಕ್ಯಾಂಡಲ್ ಬೆಳಕಿನಲ್ಲೂ ಚೆನ್ನಾಗಿಯೇ ಕಾಣುತ್ತದೆ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಶಾಖೆಯಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲರಿ ತೋರಿಸಬೇಕೆಂಬ ನಿಯಮ 2022ರ ಜುಲೈನಿಂದ ಇದೆ. ಆ ಲೆಕ್ಕವನ್ನು ಪ್ಯಾಕೇಜಿನ ಚೀಟಿಗೂ ತನ್ನಿ, ಚಿಕ್ಕ ಹೋಟೆಲಿನವರೂ ಬರೆಯಿರಿ. ಅದನ್ನು ಓದಿ ಯಾರೂ ಎದ್ದು ಹೋಗುವುದಿಲ್ಲ. ಐದು ಸುತ್ತಿನಲ್ಲಿ ಯಾವ ಎರಡನ್ನು ಹಂಚಿಕೊಳ್ಳೋಣ ಎಂದು ಇಬ್ಬರೂ ತಲೆ ಕೂಡಿಸುತ್ತಾರೆ. ಆ ರಾತ್ರಿ ನಮಗೆ ಬೇಕಾಗಿರುವುದೂ ಅದೇ.

ಬಡಿಸುವ ಹುಡುಗರಿಗೆ ಅರ್ಧ ಗಂಟೆ ತರಬೇತಿ ಕೊಡಿ. “ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತಗೋಬೇಕು” ಎಂದು ಯಾರಾದರೂ ಹೇಳಿದರೆ ಐದು ನಿಮಿಷವೋ ನಲವತ್ತು ನಿಮಿಷವೋ, ನಿಜವಾದ ಹೊತ್ತು ಹೇಳಲಿ. ಆಟ, ಹಾಡು, ಫೋಟೊ ಎಲ್ಲ ಊಟ ಬಡಿಸಿದ ಮೇಲೆ ನಡೆಯಲಿ. ಅಂಥವರು ಬೆವರಿ, ನಡುಗಿ, ತೊದಲಿದರೆ ಮೊದಲು ಒಂದು ಲೋಟ ಸಕ್ಕರೆ ನೀರು ತಂದುಕೊಡಬೇಕೆಂಬುದು ಅವರಿಗೆ ಗೊತ್ತಿರಲಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಕೂಡಲೇ 108ಕ್ಕೆ ಫೋನ್ ಮಾಡಬೇಕು. ಇದಕ್ಕೆ ನಿಮಗೆ ಆಗುವ ಖರ್ಚು ಒಂದು ಬಲೂನಿನಷ್ಟೂ ಇಲ್ಲ.

ಎಂಟು ಗಂಟೆಗೆ ಒಂದು ಸರದಿ, ಹತ್ತಕ್ಕೆ ಇನ್ನೊಂದು ಎಂದು ಇಡುತ್ತೀರಲ್ಲ, ಏಳಕ್ಕೂ ಒಂದು ಸರದಿ ಇಡಿ. ಹೊತ್ತಿಗೆ ಸರಿಯಾಗಿ ಉಣ್ಣುವವರು ಬರುತ್ತಾರೆ, ಅಡುಗೆಮನೆಯ ಮೇಲಿನ ಒತ್ತಡವೂ ಹಂಚಿಹೋಗುತ್ತದೆ. ಊಟ ಮುಗಿದ ಮೇಲೆ ಹದಿನೈದು ನಿಮಿಷ ನಡೆದರೆ ಸಕ್ಕರೆ ಹಿಡಿತಕ್ಕೆ ಬರುತ್ತದೆ. ನಿಮ್ಮ ಹೋಟೆಲಿನ ಸುತ್ತ ನಡೆಯಬಹುದಾದ ಒಂದು ಮರದ ಸಾಲಿನ ರಸ್ತೆ ಇದ್ದರೆ ಬಿಲ್ಲಿನ ಜೊತೆ ಅದನ್ನೂ ಹೇಳಿ. ಕೈ ಹಿಡಿದು ನಡೆಯುವುದಕ್ಕೆ ಆ ದಿನ ಯಾರೂ ಬೇರೆ ಕಾರಣ ಕೇಳುವುದಿಲ್ಲ.

ಈ ಸಲವೂ ನಾವು ಬರುತ್ತೇವೆ. ಟೇಬಲ್ ಕಾದಿರಿಸಲು ಫೋನ್ ಮಾಡಿದಾಗ ಮೂರು ಪ್ರಶ್ನೆ ಕೇಳುತ್ತೇನೆ: ಮುಖ್ಯ ಊಟ ಎಷ್ಟು ಹೊತ್ತಿಗೆ ಬಡಿಸುತ್ತೀರಿ, ಪಟ್ಟಿಯಲ್ಲಿ ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಕೇಳಬಹುದೇ, ಒಂದು ಸಿಹಿಗೆ ಎರಡು ಚಮಚ ಕೊಡುತ್ತೀರಾ? ಮೂರಕ್ಕೂ ಸರಿಯಾದ ಉತ್ತರ ಕೊಡುವ ಹೋಟೆಲಿಗೆ ಏಳು ಗಂಟೆಯ ಸರದಿಗೆ ಇಬ್ಬರ ಹೆಸರು ಬರೆಸುತ್ತೇನೆ. ಫೋನ್ ಎತ್ತುವವರಿಗೆ ಈಗಲೇ ಹೇಳಿಟ್ಟಿರಿ.

ಇಂತಿ,
ನಿಮ್ಮಲ್ಲಿ ಉಣ್ಣಲು ಬರುವ ಒಬ್ಬ ಗೃಹಿಣಿ